ಬೋಂಜೂರ್ ಹೇಳದೆ ಸಹಾಯ ಕೇಳಿದ್ದೇ ತಪ್ಪಾಯ್ತಾ?

ಪ್ರಶ್ನೆ: ಮೇಡಂ, ಓದಲು ಫ್ರಾನ್ಸಿನ ಲಿಯೋನ್‌ಗೆ ಬಂದು ಮೂರು ವಾರ ಆಯ್ತು. ನಿನ್ನೆ ಔಷಧಿ ಅಂಗಡಿಗೆ ಹೋಗಿ, ‘ಎಕ್ಸ್‌ಕ್ಯುಜೇ ಮ್ವಾ, ಜ ವ ಅಂ ಸಿರೋ’ ಅಂದೆ. ‘ಕ್ಷಮಿಸಿ, ನನಗೆ ಸಿರಪ್ ಬೇಕು’ ಅಂತ. ಕೆಮ್ಮಿನ ಸಿರಪ್ ಬೇಕಿತ್ತು. ಕೌಂಟರಿನಾಕೆ ನನ್ನ ಮುಖ ನೋಡಿ ‘ಬೋಂಜೂರ್’ ಅಂತ ನಮಸ್ಕಾರ ಹೇಳಿದರು, ಅಷ್ಟೇ. ನಾನೂ ಸುಮ್ನೆ ನಿಂತೆ. ವ್ಯಾಕರಣ ಸರಿ ಇತ್ತಲ್ವಾ?

ಉತ್ತರ (ಫ್ರೆಂಚ್ ಶಿಕ್ಷಕಿ): ವ್ಯಾಕರಣ ಸರಿ, ನಡವಳಿಕೆ ತಪ್ಪು. ಆಕೆ ನಿಮ್ಮ ಬೋಂಜೂರ್‌ಗೆ ಕಾಯುತ್ತಿದ್ದರು. ಅಲ್ಲಿ ಅಂಗಡಿ, ಬಸ್ಸು, ಕಚೇರಿ ಎಲ್ಲಿ ಹೋದರೂ ಮೊದಲು ಹೆಂಗಸರಿಗೆ ‘ಬೋಂಜೂರ್ ಮದಾಮ್’, ಗಂಡಸರಿಗೆ ‘ಬೋಂಜೂರ್ ಮಸ್ಯ’. ಸಂಜೆಯಾದರೆ ‘ಬೋಂಸ್ವಾರ್’. ಅವರೂ ತಿರುಗಿ ಹೇಳಿದ ಮೇಲೆ ವಿಷಯ. ‘ಎಕ್ಸ್‌ಕ್ಯುಜೇ ಮ್ವಾ’ ಅದರ ಜಾಗ ತುಂಬುವುದಿಲ್ಲ.

ಇನ್ನು ‘ಜ ವ’. ಅಂದರೆ ‘ನನಗೆ ಬೇಕು’. ಹಟ ಹಿಡಿದ ಮಗುವಿನ ಮಾತಿನ ಹಾಗೆ ಕೇಳುತ್ತದೆ. ‘ಜ ವುದ್ರೆ’ ಅನ್ನಿ. ನಾವು ಊರಲ್ಲಿ ‘ಒಂದು ಸಿರಪ್ ಬೇಕಿತ್ತು’ ಅನ್ನುತ್ತೇವಲ್ಲ, ಅದೇ ಇದು. ಈಗಲೇ ಬೇಕಾದರೂ ‘ಬೇಕಿತ್ತು’ ಅಂತ ಕ್ರಿಯಾಪದವನ್ನು ಸ್ವಲ್ಪ ಹಿಂದೆ ಸರಿಸುತ್ತೇವೆ. ಕನ್ನಡದಿಂದಲೇ ಹೋಗಿ, ದಾರಿ ಹತ್ತಿರ. ಕೊನೆಗೆ ‘ಸಿಲ್ ವು ಪ್ಲೇ’, ಅಂದರೆ ‘ದಯವಿಟ್ಟು’, ಮರೆಯಬೇಡಿ. ಕನ್ನಡದಲ್ಲಿ ‘ಕೊಡಿ’ ಅಂದರೆ ಮರ್ಯಾದೆ ಅದರಲ್ಲೇ ಬಂತು, ಅಲ್ಲಿ ಅದು ಸಾಲದು.

ಪ್ರಶ್ನೆ (ಇನ್ನೊಬ್ಬರು): ನಾನು ಅಂಚೆ ಕಚೇರಿಯಲ್ಲಿ ಫಾರಂ ತುಂಬಲು ಆಗದೆ ‘ಎದೇ ಮ್ವಾ’, ಅಂದರೆ ‘ನನಗೆ ಸಹಾಯ ಮಾಡಿ’ ಅಂದೆ. ಪಕ್ಕದವರು ಗಾಬರಿಯಾಗಿ ಎದ್ದೇ ಬಿಟ್ಟರು!

ಉತ್ತರ: ಏಳದೆ ಇನ್ನೇನು ಮಾಡ್ತಾರೆ! ಬರೀ ಅಷ್ಟೇ ಅಂದರೆ ಯಾರೋ ಕಷ್ಟದಲ್ಲಿ ಸಿಕ್ಕಿಕೊಂಡು ಕೂಗಿದಂತೆ. ‘ಓ ಸ್ಕೂರ್’ ಅಂತೂ ನಮ್ಮ ‘ಕಾಪಾಡಿ’ಯೇ. ನಿಜವಾಗಿ ಅಪಾಯ ಇದ್ದಾಗ ಅದನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಫಾರಂಗೆ ಇಷ್ಟು ಸಾಕು: ‘ಬೋಂಜೂರ್ ಮದಾಮ್, ಎಕ್ಸ್‌ಕ್ಯುಜೇ ಮ್ವಾ ದ ವು ದೆರಾಂಜೇ. ಎಸ್ಕ ವು ಪುರಿಯೇ ಮೆದೇ, ಸಿಲ್ ವು ಪ್ಲೇ?’ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ, ಸ್ವಲ್ಪ ಸಹಾಯ ಮಾಡಬಹುದಾ ಅಂತ. ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ನಾವು ‘ನನಗೆ ಸಹಾಯ’ ಅನ್ನುತ್ತೇವೆ, ಅಲ್ಲಿ ‘ನನ್ನನ್ನು’. ಅದಕ್ಕೇ ‘ಎದೇ ಆ ಮ್ವಾ’ ಅಂತ ಜೋಡಿಸಬೇಡಿ, ‘ಮೆದೇ’ ಅನ್ನಿ.

‘ವು’ ಅಂದರೆ ನೀವು, ‘ತು’ ಅಂದರೆ ನೀನು. ಇದನ್ನು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ.

ಮೊದಲು ಕೇಳಿದವರು: ಮೇಡಂ, ಇವತ್ತು ಮತ್ತೆ ಹೋಗಿದ್ದೆ. ‘ಬೋಂಜೂರ್ ಮದಾಮ್, ಜ ವುದ್ರೆ’ ಅಂತ ಶುರು ಮಾಡಿದ್ದೇ ತಡ, ಆಕೆ ನಕ್ಕು ಅರ್ಧ ನಿಮಿಷ ಪಟಪಟ ಮಾತಾಡಿದರು. ಒಂದಕ್ಷರ ಅರ್ಥವಾಗಲಿಲ್ಲ.

ಉತ್ತರ: ‘ವು ಪುರಿಯೇ ಪಾರ್ಲೇ ಪ್ಲು ಲಾಂತ್‌ಮಾಂ, ಸಿಲ್ ವು ಪ್ಲೇ?’ ಸ್ವಲ್ಪ ನಿಧಾನವಾಗಿ ಮಾತಾಡ್ತೀರಾ ಅಂತ. ನಾಳೆ ಹೋಗುವ ಮುಂಚೆ ಹತ್ತು ಸಲ ಬಾಯಲ್ಲಿ ಹೇಳಿಕೊಳ್ಳಿ.