‘ಸಂಧ್ಯಾರಾಗ’ದ ಹಾಡು ಕೇಳಿದೆ, ಅರವತ್ತರ ದಶಕದ ಉಳಿದ ಚಿತ್ರಗಳನ್ನು ಎಲ್ಲಿಂದ ಆರಂಭಿಸಲಿ?

ಪ್ರಶ್ನೆ (ಕೋಥ್ರೂಡ್, ಪುಣೆ)

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಮಾತು ಕನ್ನಡವಾದರೂ ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು ಮರಾಠಿಯ ಗೀತರಾಮಾಯಣ ಮತ್ತು ಅಭಂಗಗಳು. ಇತ್ತೀಚೆಗೆ ತೀರಿಕೊಂಡ ತಂದೆಯವರ ಕಪಾಟಿನಲ್ಲಿ ಒಂದು ಕ್ಯಾಸೆಟ್ಟೂ ಏಳೆಂಟು ಹಳೆಯ ಗ್ರಾಮಫೋನ್ ತಟ್ಟೆಗಳೂ ಸಿಕ್ಕವು. ಕ್ಯಾಸೆಟ್ಟಿನ ಮೇಲೆ ಅವರದೇ ಅಕ್ಷರದಲ್ಲಿ ‘ನಂಬಿದೆ ನಿನ್ನ ನಾದದೇವತೆಯೆ, ಭೀಮಸೇನ ಜೋಶಿ’ ಎಂದು ಬರೆದಿದೆ. ಇಲ್ಲಿನ ಸವಾಯಿ ಗಂಧರ್ವ ಸಂಗೀತೋತ್ಸವದಲ್ಲಿ ವರ್ಷ ವರ್ಷವೂ ಕೇಳಿದ ಧ್ವನಿ ಕನ್ನಡ ಸಿನಿಮಾದಲ್ಲೂ ಹಾಡಿತ್ತೆಂಬುದು ನನಗೆ ತಿಳಿದಿರಲೇ ಇಲ್ಲ. ಆ ಕಾಲದಲ್ಲಿ ನೋಡಲೇಬೇಕಾದದ್ದು, ಆದರೆ ಮರೆಯಾದದ್ದು ಇನ್ನೇನಿದೆ? ತಟ್ಟೆಗಳನ್ನು ಹಾಕಿ ಕೇಳಬಹುದೆ?

ಉತ್ತರ 1 (ಮಾಟುಂಗಾ, ಮುಂಬಯಿ)

ನೀವು ಕೇಳಿದ ಹಾಡು 1966ರ ‘ಸಂಧ್ಯಾರಾಗ’ದ್ದು. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ, ರಾಜಕುಮಾರ್ ಮತ್ತು ಉದಯಕುಮಾರ್ ನಟಿಸಿದ ಚಿತ್ರ, ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಸಂಗೀತವೇ ಉಸಿರಾದ ಒಬ್ಬನ ಬದುಕಿನ ಕಥೆಗೆ ಹಿಂದುಸ್ತಾನಿ ಕಡೆಯಿಂದ ಭೀಮಸೇನರನ್ನೂ ಕರ್ನಾಟಕ ಸಂಗೀತದ ಕಡೆಯಿಂದ ಬಾಲಮುರಳಿಕೃಷ್ಣರನ್ನೂ ಕರೆತಂದ ಆ ಧೈರ್ಯ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಹಾಡು ಕಛೇರಿ ಪ್ರಿಯರ ನಾಲಿಗೆಯ ಮೇಲೆ ಉಳಿಯಿತು, ಚಿತ್ರವನ್ನು ನೋಡಿದವರು ಮಾತ್ರ ಕಡಿಮೆಯಾಗುತ್ತ ಬಂದರು. ದಯವಿಟ್ಟು ಹಾಡನ್ನಷ್ಟೇ ಬೇರ್ಪಡಿಸಿ ಕೇಳಬೇಡಿ, ಚಿತ್ರವನ್ನು ಪೂರ್ತಿಯಾಗಿ ನೋಡಿ.

ಅಲ್ಲಿಂದ ಮುಂದೆ ನಟರ ಹೆಸರು ಹಿಡಿದು ಹುಡುಕುವ ಬದಲು ನಿರ್ದೇಶಕರ ಹೆಸರು ಹಿಡಿದು ಹೋಗಿರೆಂಬುದು ನನ್ನ ಸಲಹೆ. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ನೋಡದವರಿಗೆ ಆ ದಶಕದ ಅರ್ಧ ಸಂಪತ್ತು ತಿಳಿಯದು. ಪೌರಾಣಿಕ ಮತ್ತು ಐತಿಹಾಸಿಕ ಪಾತ್ರಗಳಲ್ಲಿ ಜನ ಕಂಡಿದ್ದ ರಾಜಕುಮಾರ್ ಇಲ್ಲಿ ನಮ್ಮ ಬೀದಿಯಲ್ಲೇ ಇರಬಹುದಾದ ಸಾಮಾನ್ಯ ಗೃಹಸ್ಥ. ಕಿವಿ ಕೇಳಿಸದವರ ಬಾಳನ್ನು ವಸ್ತುವಾಗಿಸಿಕೊಂಡ ಈ ಚಿತ್ರದಲ್ಲಿ ಪಿ. ಬಿ. ಶ್ರೀನಿವಾಸ್ ‘ಹಾಡೊಂದ ಹಾಡುವೆ, ನೀ ಕೇಳು ಮಗುವೆ’ ಎಂದು ಹಾಡುತ್ತಾರೆ. ರೇಡಿಯೊದಲ್ಲಿ ಬರಿಯ ಲಾಲಿಯಾಗಿ ಕೇಳಿದ್ದ ‘ಕೇಳು’ ಎಂಬ ಆ ಒಂದು ಮಾತು ಕಥೆಯ ನಡುವೆ ಎದೆಗೆ ನಾಟುವ ಬಗೆಯೇ ಬೇರೆ. ಲಕ್ಷ್ಮೀನಾರಾಯಣ್ ಅವರದೇ ‘ಉಯ್ಯಾಲೆ’ (1969) ಚದುರಂಗರ ಕಾದಂಬರಿಯಿಂದ ಬಂದದ್ದು, ಅದನ್ನು ಬಿಡಬೇಡಿ.

ಉತ್ತರ 2 (ಸದಾಶಿವ ಪೇಠ, ಪುಣೆ)

ಪುಣೆಯವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರ ‘ಮೂಡಲ ಮನೆಯ ಮುತ್ತಿನ ನೀರಿನ’ ಕವಿತೆಯನ್ನು ಪುಟ್ಟಣ್ಣ ಕಣಗಾಲರು 1967ರ ‘ಬೆಳ್ಳಿ ಮೋಡ’ದಲ್ಲಿ ಬಳಸಿಕೊಂಡರು. ತ್ರಿವೇಣಿಯವರ ಕಾದಂಬರಿ, ವಿಜಯಭಾಸ್ಕರ್ ಸಂಗೀತ, ಎಸ್. ಜಾನಕಿಯವರ ಕಂಠ. ಲಾ ಕಾಲೇಜ್ ರಸ್ತೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಿಮ್ಮ ಮನೆಯಿಂದ ದೂರವಿಲ್ಲ. ಅಲ್ಲಿನ ಗ್ರಂಥಾಲಯಕ್ಕೊಮ್ಮೆ ಹೋಗಿ ಬನ್ನಿ.

ಉತ್ತರ 3 (ಮಡಗಾಂವ್, ಗೋವಾ)

ತಟ್ಟೆಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇದರಲ್ಲಿ ಅವಸರ ಮಾಡಿದರೆ ಮತ್ತೆ ಸರಿಪಡಿಸಲಾಗದು. ಮೊದಲು ಲೇಬಲ್ಲಿನ ಮೇಲೆ ವೇಗವನ್ನು ನೋಡಿ. ನಿಮಿಷಕ್ಕೆ 78 ಸುತ್ತಿನವು ಬಹುಮಟ್ಟಿಗೆ ಅರಗಿನಿಂದ ಮಾಡಿದವು, 45ರವು ವಿನೈಲ್. ಅರಗಿನ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿದರೆ ಮೇಲ್ಮೈಯೇ ಕರಗುತ್ತದೆ. ಅದರ ಗೀರು ಅಗಲವಾದದ್ದರಿಂದ ಅದಕ್ಕೆ ದಪ್ಪ ಮುಳ್ಳು ಬೇಕು, ಆದರೆ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ವಿನೈಲಿನ ಮೇಲೆ ಇಟ್ಟರೆ ಒಂದೇ ಸಲಕ್ಕೆ ಹಾಡು ಹಾಳಾಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಕ್ಯಾಸೆಟ್ಟನ್ನು ಪದೇ ಪದೇ ಹಾಕದೆ, ಒಳ್ಳೆಯ ಯಂತ್ರದಲ್ಲಿ ಒಮ್ಮೆ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

‘ಸಂಧ್ಯಾರಾಗ’ ಬಂದ 1966ರಲ್ಲೇ ಕೊಂಕಣಿಯಲ್ಲಿ ಫ್ರಾಂಕ್ ಫೆರ್ನಾಂಡ್ ಅವರ ‘ನಿರ್ಮೊಣ್’ ಬಂತು. ಹೊರಗಿನವರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ, ಆದರೆ ನನ್ನ ನೆರೆಮನೆಯ ಹಿರಿಯರಿಗೆ ಅದರ ಹಾಡುಗಳು ಇಂದಿಗೂ ಬಾಯಿಪಾಠ. ಕನ್ನಡದ್ದು ಮುಗಿಸಿದ ಮೇಲೆ ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತಟ್ಟೆಗಳಲ್ಲಿ ಐದು 78ರವು. ಸ್ಪಿರಿಟ್ ಬಾಟಲಿಯನ್ನು ತಂದಿಟ್ಟಿದ್ದೆ, ಅದನ್ನು ಒಳಗಿಟ್ಟೆ. ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ತಂದೆಯವರು ‘ಹಾಡೊಂದ ಹಾಡುವೆ’ ಎಂದಷ್ಟೇ ಬರೆದು, ಮುಂದೆ ಹೆಸರಿಗೆ ಜಾಗ ಬಿಟ್ಟಿದ್ದರು. ಅಲ್ಲಿ ಪೆನ್ಸಿಲ್ಲಿನಿಂದ ಪಿ. ಬಿ. ಶ್ರೀನಿವಾಸ್ ಎಂದು ಬರೆದಿದ್ದೇನೆ. ಈ ಭಾನುವಾರ ಅಮ್ಮನ ಜೊತೆ ಕುಳಿತು ‘ನಾಂದಿ’ ನೋಡುತ್ತೇವೆ.