ಅಪ್‌ಡೇಟ್: ಥಾಯ್ಲೆಂಡ್‌ನಲ್ಲಿ ಬೈಕ್ ಓಡಿಸಲು ನಮ್ಮ ಲೈಸೆನ್ಸ್ ಸಾಕೇ?

ಫುಕೆಟ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಪಡೆದು ಓಡಿಸಲು ಕರ್ನಾಟಕದ ಚಾಲನಾ ಪರವಾನಗಿಯೊಂದೇ ಸಾಕೇ ಎಂದು ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಅದೊಂದೇ ಸಾಲದು ಎಂಬುದು ಈಗ ಖಚಿತವಾಗಿದೆ. ಭಾರತ ಮತ್ತು ಥಾಯ್ಲೆಂಡ್ ಎರಡೂ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿರುವುದರಿಂದ, ನಮ್ಮ ಆರ್‌ಟಿಓ ನೀಡುವ ಅಂತರರಾಷ್ಟ್ರೀಯ ಪರವಾನಗಿಯನ್ನು ಮೂಲ ಲೈಸೆನ್ಸಿನೊಂದಿಗೆ ಇಟ್ಟುಕೊಂಡವರು ಅಲ್ಲಿ ಕಾನೂನುಬದ್ಧವಾಗಿ ವಾಹನ ಓಡಿಸಬಹುದು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ, 1000 ರೂಪಾಯಿ ಶುಲ್ಕ ಕಟ್ಟಿ ನಾನು ಅದನ್ನು ಹೊರಡುವ ಮುನ್ನವೇ ಪಡೆದುಕೊಂಡೆ. ಅದರ ಅವಧಿ ಹೆಚ್ಚೆಂದರೆ 1 ವರ್ಷ.

ಮುಖ್ಯವಾಗಿ ಗಮನಿಸಬೇಕಾದದ್ದು ವಾಹನದ ವರ್ಗ. ಕಾರಿನ ಲೈಸೆನ್ಸ್ ಮಾತ್ರ ಇರುವವರ ಅಂತರರಾಷ್ಟ್ರೀಯ ಪರವಾನಗಿಯಲ್ಲಿ ಮೋಟಾರು ಸೈಕಲ್ಲಿಗೆ ಮೀಸಲಾದ ‘ಎ’ ವರ್ಗಕ್ಕೆ ಮುದ್ರೆ ಬೀಳುವುದಿಲ್ಲ. ಅಂಥವರು ಸ್ಕೂಟರ್ ಓಡಿಸಿದರೆ ಪರವಾನಗಿಯಿಲ್ಲದೆ ಓಡಿಸಿದಂತೆಯೇ. ಬಾಡಿಗೆ ಅಂಗಡಿಯವನು ಏನನ್ನೂ ಕೇಳದೆ ಕೀಲಿಕೈ ಕೊಟ್ಟಾನು, ಅದು ಅವನ ವ್ಯಾಪಾರ. ಪೊಲೀಸರ ದಂಡವನ್ನು ಹೇಗೋ ಕಟ್ಟಬಹುದು. ಆದರೆ ಮಾನ್ಯ ಪರವಾನಗಿಯಿಲ್ಲದೆ ಅಪಘಾತವಾದರೆ ಪ್ರವಾಸ ವಿಮೆಯವರು ಸಾಮಾನ್ಯವಾಗಿ ಕ್ಲೇಮನ್ನು ತಿರಸ್ಕರಿಸುತ್ತಾರೆ, ಆಸ್ಪತ್ರೆಯ ಪೂರ್ಣ ಖರ್ಚು ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಹೆಲ್ಮೆಟ್ ಅಲ್ಲಿಯೂ ಕಡ್ಡಾಯ. ಅಡಮಾನವಾಗಿ ಪಾಸ್‌ಪೋರ್ಟ್ ಕೇಳಿದ ಅಂಗಡಿಯನ್ನು ಬಿಟ್ಟು, ನಗದು ಠೇವಣಿ ಒಪ್ಪಿದ ಇನ್ನೊಂದರಲ್ಲಿ ಸ್ಕೂಟರ್ ಪಡೆದೆ.