ಪ್ರೌಢಶಾಲೆಯಲ್ಲಿ ಪ್ಯಾಲೆಸ್ಟೈನ್ ಪ್ರಶ್ನೆಯ ಪಾತ್ರಾಭಿನಯ: ಮುಂದುವರಿಸಬೇಕೇ, ಕೈಬಿಡಬೇಕೇ?

ಸಮಾಜ ವಿಜ್ಞಾನ ಶಿಕ್ಷಕ, ಸೇಡಂ ತಾಲ್ಲೂಕು

ಮಾನ್ಯ ಸಹೋದ್ಯೋಗಿಗಳೇ, ಹತ್ತನೆಯ ತರಗತಿಯ ಮಕ್ಕಳು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆಯೇ ಹೊರತು, ಒಂದು ದೇಶ ಒಂದು ನಿಲುವನ್ನು ಏಕೆ ತಳೆಯುತ್ತದೆ ಎಂಬುದು ಅವರ ತಲೆಗೆ ಹೋಗುವುದೇ ಇಲ್ಲ. ಆ ಬೇಸರದಿಂದಲೇ ಕಳೆದ ತಿಂಗಳು, ಪ್ಯಾಲೆಸ್ಟೈನನ್ನು ಅರಬ್ ಮತ್ತು ಯಹೂದಿ ರಾಜ್ಯಗಳಾಗಿ ವಿಭಜಿಸುವ ಬಗ್ಗೆ 1947ರ ನವೆಂಬರ್ 29ರಂದು ಸಾಮಾನ್ಯ ಸಭೆಯಲ್ಲಿ ನಡೆದ ಮತದಾನವನ್ನು ತರಗತಿಯಲ್ಲಿ ಆಡಿಸಿದೆ. ದೇಶಕ್ಕೊಂದು ರಟ್ಟಿನ ಫಲಕ, ಪಾತ್ರಕ್ಕೊಂದು ಪುಟದ ಟಿಪ್ಪಣಿ, ಎರಡು ಪಿರಿಯಡ್ಡಿನ ಸಮಯ.

ಅಂದು ನಿಜವಾಗಿ 33 ದೇಶಗಳು ಪರವಾಗಿ, 13 ವಿರೋಧವಾಗಿ ಮತ ಹಾಕಿದ್ದವು. ಬ್ರಿಟನ್ ಸೇರಿ 10 ದೇಶಗಳು ತಟಸ್ಥವಾಗಿದ್ದವು. ನಮ್ಮ ತರಗತಿಯಲ್ಲಿ ಪರ 26, ವಿರೋಧ 19 ಆಗಿ, ಮೂರನೇ ಎರಡರಷ್ಟು ಬೆಂಬಲ ದೊರೆಯದೆ ಠರಾವು ಬಿದ್ದುಹೋಯಿತು. ‘ಹಾಗಾದರೆ ಪುಸ್ತಕದಲ್ಲಿರುವುದು ತಪ್ಪೇ ಸರ್?’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಾಗ, ಇಷ್ಟು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ ಎಂದು ಸಂತೋಷವಾಯಿತು. ಆ ಸಂತೋಷ ಮೂರು ದಿನವೂ ಉಳಿಯಲಿಲ್ಲ. ಪ್ಯಾಲೆಸ್ಟೈನಿನ ಯಹೂದಿಗಳ ಪರ ಮಾತನಾಡುತ್ತಿದ್ದ ಯಹೂದಿ ಸಂಸ್ಥೆಯ (ಜ್ಯೂಯಿಷ್ ಏಜೆನ್ಸಿ) ಪ್ರತಿನಿಧಿಯಾಗಿ ಬಹಳ ಚೆನ್ನಾಗಿ ವಾದಿಸಿದ ಹುಡುಗನಿಗೆ ಬಸ್ಸಿನಲ್ಲಿ ‘ಇಸ್ರೇಲ್’ ಎಂಬ ಅಡ್ಡಹೆಸರು ಬಿದ್ದಿತು, ಎರಡು ಸಲ ಕೈಕೈ ಮಿಲಾಯಿಸುವವರೆಗೂ ಹೋಯಿತು, ಕೊನೆಗೆ ಅವನ ತಂದೆ ಶಾಲೆಗೆ ಬಂದು ‘ಈ ಪಾತ್ರವನ್ನು ನನ್ನ ಮಗನಿಗೇ ಏಕೆ ಕೊಟ್ಟಿರಿ?’ ಎಂದು ಕೇಳಿದರು. ಹುಡುಗ ಯಾವ ಸಮುದಾಯದವನೆಂದು ಇಲ್ಲಿ ಬರೆಯುವುದಿಲ್ಲ. ಯಾವ ಮನೆಯವನಾಗಿದ್ದರೂ ಹೀಗೆಯೇ ಆಗುತ್ತಿತ್ತು. ‘ನಿಮ್ಮ ಮಗ ಚೆನ್ನಾಗಿ ಮಾತನಾಡುತ್ತಾನೆಂದು’ ಎಂದಷ್ಟೇ ಹೇಳಲು ನನ್ನಿಂದ ಸಾಧ್ಯವಾಯಿತು.

ಇಂಥ ವಿಷಯಗಳನ್ನು ಪಾತ್ರಾಭಿನಯದಿಂದ ಕಲಿಸಿದವರು ನಿಮ್ಮಲ್ಲಿದ್ದೀರಾ? ಪಾತ್ರಗಳನ್ನು ಹೇಗೆ ಹಂಚುತ್ತೀರಿ? ಅಥವಾ ಇದನ್ನು ಬಿಟ್ಟು ಕಪ್ಪು ಹಲಗೆಗೇ ಮರಳುವುದು ಲೇಸೇ?

ನಿವೃತ್ತ ಮುಖ್ಯ ಶಿಕ್ಷಕಿ, ಬೀದರ್

ಗುರುಗಳೇ, ತಪ್ಪಾದದ್ದು ವಿಷಯದ ಆಯ್ಕೆಯಲ್ಲಿ ಅಲ್ಲ, ಆಟ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಡೆಯ ಬಯಲಾಟದಲ್ಲಿ ರಾತ್ರಿಯಿಡೀ ದುರ್ಯೋಧನನಾಗಿ ಅಬ್ಬರಿಸಿದವನು ಬೆಳಗ್ಗೆ ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗುವಾಗ ಊರಿನವರು ಯಾರೂ ಅವನ ಮೇಲೆ ಹಗೆ ಸಾಧಿಸುವುದಿಲ್ಲ, ಏಕೆಂದರೆ ಬಣ್ಣ ಹಚ್ಚಿದ್ದನ್ನೂ ಅಳಿಸಿದ್ದನ್ನೂ ಎಲ್ಲರೂ ನೋಡಿರುತ್ತಾರೆ. ನಿಮ್ಮ ಹುಡುಗ ಬಣ್ಣ ಅಳಿಸಿಕೊಳ್ಳದೆಯೇ ಬಸ್ಸು ಹತ್ತಿದ. ನಾನು ಸಭೆ ಮುಗಿದ ಕೂಡಲೇ ಫಲಕಗಳನ್ನೆಲ್ಲ ವಾಪಸ್ಸು ಪಡೆದು, ಮಕ್ಕಳನ್ನು ತಮ್ಮ ತಮ್ಮ ಜಾಗದಲ್ಲಿ ಕೂರಿಸಿ, ಮತ್ತೊಮ್ಮೆ ಹಾಜರಿ ಕರೆಯುತ್ತಿದ್ದೆ. ಮೊದಮೊದಲು ನಗುತ್ತಾರೆ, ನಗಲಿ ಬಿಡಿ. ಆದರೆ ತನ್ನ ಹೆಸರಿಗೆ ತಾನೇ ಓಗೊಡುವುದರಲ್ಲಿ ಏನೋ ಒಂದು ಇಳಿದುಹೋಗುತ್ತದೆ. ಆಮೇಲೆ ಪ್ರತಿಯೊಬ್ಬರೂ ‘ನಾನು ವಾದಿಸಿದ್ದರಲ್ಲಿ ನಾನೇ ಒಪ್ಪದ ಒಂದು ಮಾತು’ ಎಂದು ಎರಡು ಸಾಲು ಬರೆದುಕೊಡಬೇಕು.

ಪಾತ್ರಗಳನ್ನು ಚೀಟಿ ಎತ್ತಿಸಿಯೇ ಹಂಚಿರಿ, ಅದೂ ಎಲ್ಲರೆದುರು. ಚೆನ್ನಾಗಿ ಮಾತನಾಡುವವನನ್ನು ಆರಿಸಿದಿರಿ ಎಂಬುದು ನಿಮಗೆ ಗೊತ್ತು, ಆ ತಂದೆಗೆ ಗೊತ್ತಿಲ್ಲ. ಚೀಟಿಯಾದರೆ ಯಾರೂ ಬಂದು ಕೇಳುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಆಟ ವಿಭಜನೆಯ ಪರ, ವಿಭಜನೆಯ ವಿರೋಧ ಎಂಬ ಎರಡೇ ಬಣಗಳಾಗಿ ನಿಂತಿತೆಂದು ಕಾಣುತ್ತದೆ. ಆ ವರ್ಷ ವಿಶ್ವಸಂಸ್ಥೆ ನೇಮಿಸಿದ್ದ 11 ದೇಶಗಳ ಸಮಿತಿಯಲ್ಲಿ ಭಾರತ, ಇರಾನ್ ಮತ್ತು ಯುಗೊಸ್ಲಾವಿಯ ಸೇರಿ, ಒಡೆಯುವುದು ಬೇಡ, ಎರಡೂ ಜನರಿಗೆ ಸ್ವಾಯತ್ತ ಪ್ರಾಂತಗಳಿರುವ ಒಂದೇ ಒಕ್ಕೂಟ ರಾಜ್ಯವಾಗಲಿ ಎಂದು ಬೇರೆಯೇ ಯೋಜನೆ ಕೊಟ್ಟಿದ್ದವು. ಆಗಷ್ಟೇ ತಾನೇ ಎರಡಾಗಿದ್ದ ನಮ್ಮ ದೇಶ ಕೊನೆಯಲ್ಲಿ ವಿಭಜನೆಯ ವಿರುದ್ಧ ಮತ ಹಾಕಿತು. ಆ ಮೂರನೆಯ ಟಿಪ್ಪಣಿಯನ್ನು ಮೇಜಿನ ಮೇಲೆ ಇಟ್ಟು ನೋಡಿ. ಪಂದ್ಯ ಹೋಗಿ ಮಾತುಕತೆ ಶುರುವಾಗುತ್ತದೆ.

ಪ್ರೌಢಶಾಲಾ ಶಿಕ್ಷಕ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಮೇಡಂ ಅವರ ಅನುಭವಕ್ಕೆ ಗೌರವ ಕೊಟ್ಟೇ ನನ್ನ ಭಿನ್ನಮತವನ್ನು ಹೇಳುತ್ತೇನೆ. ಫಲಕ ಹಿಡಿದವರೆಲ್ಲ ರಾಯಭಾರಿಗಳು. ಆ ಮತದಾನದ ನಂತರದ ಯುದ್ಧದಲ್ಲಿ ಮನೆ ಬಿಟ್ಟ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರಾಗಲಿ, ಯುರೋಪಿನ ಶಿಬಿರಗಳಿಂದ ಬದುಕಿ ಬಂದು ಹೋಗಲು ಊರಿಲ್ಲದೆ ನಿಂತಿದ್ದ ಯಹೂದಿಗಳಾಗಲಿ ಆ ಸಭೆಯಲ್ಲಿ ಕುಳಿತಿರಲಿಲ್ಲ, ನಮ್ಮ ತರಗತಿಯಲ್ಲಿಯೂ ಕುಳಿತಿರುವುದಿಲ್ಲ. ಅವರ ಪಾತ್ರವನ್ನು ಹದಿನೈದು ವರ್ಷದ ಮಗುವಿಗೆ ಕೊಟ್ಟರೆ ಅದು ಒಂದೋ ಅಳುವಿನ ನಾಟಕವಾಗುತ್ತದೆ, ಇಲ್ಲವೇ ನಗೆಪಾಟಲಾಗುತ್ತದೆ. ಹೀಗಾಗಿ ನಿರಾಶ್ರಿತರ ಭಾಗವನ್ನು ನಾನು ಎಂದಿಗೂ ಅಭಿನಯಿಸಿ ತೋರಿಸುವುದಿಲ್ಲ. ಓದಿಸುತ್ತೇನೆ, ನಕ್ಷೆ ತೋರಿಸುತ್ತೇನೆ, ಸುಮ್ಮನೆ ಕೂರಲು ಬಿಡುತ್ತೇನೆ. ಅಭಿನಯವನ್ನು ಸಂಸ್ಥೆಗಳ ಕೆಲಸಕ್ಕೆ ಸೀಮಿತಗೊಳಿಸುತ್ತೇನೆ: ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 14 ಮಂದಿ ಒಪ್ಪಿದರೂ ಐದು ಕಾಯಂ ಸದಸ್ಯರಲ್ಲೊಬ್ಬರು ಬೇಡವೆಂದರೆ ಠರಾವು ಬೀಳುತ್ತದೆ ಎಂಬುದನ್ನು ಆಡಿಯೇ ತಿಳಿಯಬೇಕು. ಬೇಡ ಎಂದ ಆ ಒಂದು ಕೈ ಮೇಲೆದ್ದಾಗ ಮಕ್ಕಳ ಮುಖ ನೋಡಬೇಕು.

ಶಿಕ್ಷಕ, ಆಳಂದ ತಾಲ್ಲೂಕು, ಕಲಬುರಗಿ

ಶಹಾಪುರದ ಸರ್ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಆದರೆ ವಿವಾದವೆಂದರೆ ಯುದ್ಧವೇ ಆಗಬೇಕಿಲ್ಲ. ನಾನು ಮೂರು ವರ್ಷಗಳಿಂದ ತೊಗರಿ ಆಮದನ್ನು ಆಡಿಸುತ್ತಿದ್ದೇನೆ, ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಅಂತರರಾಷ್ಟ್ರೀಯ ವಿಷಯ ಮತ್ತೊಂದಿಲ್ಲ. ಬೇಳೆ ಬೆಲೆ ಗಗನಕ್ಕೇರಿದ್ದಾಗ, 2016ರಲ್ಲಿ, ಭಾರತ ಮೊಜಾಂಬಿಕ್‌ನೊಂದಿಗೆ ತೊಗರಿ ಖರೀದಿಯ ಒಪ್ಪಂದ ಮಾಡಿಕೊಂಡಿತು. ಅದೇ ಹಂಗಾಮಿನಲ್ಲಿ ಇಲ್ಲಿ ಭಾರಿ ಬೆಳೆ ಬಂದು, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಕೆಳಗೆ ಮಾರುಕಟ್ಟೆ ಇಳಿಯಿತು. 2017ರಲ್ಲಿ ಸರ್ಕಾರ ಆಮದಿಗೆ ಮಿತಿ ಹಾಕಿದಾಗ, ಭಾರತವನ್ನೇ ನಂಬಿ ಬಿತ್ತಿದ್ದ ಅಲ್ಲಿಯ ಸಣ್ಣ ರೈತರ ಬೆಲೆ ಕುಸಿಯಿತು. ಪಾತ್ರಗಳು ಐದೇ: ಆಳಂದದ ರೈತ, ಕಲಬುರಗಿಯ ದಾಲ್ ಮಿಲ್ ಮಾಲೀಕ, ಬೆಂಗಳೂರಿನ ಗೃಹಿಣಿ, ದೆಹಲಿಯ ಅಧಿಕಾರಿ, ಮೊಜಾಂಬಿಕ್ ರೈತ.

ಕಳೆದ ವರ್ಷ ಮೊಜಾಂಬಿಕ್ ರೈತನ ಚೀಟಿ ಒಬ್ಬ ತೊಗರಿ ಬೆಳೆಗಾರರ ಮಗನಿಗೇ ಬಂತು. ಅವನ ಮನೆಯ ಹೊಲವನ್ನು ನೆಟೆ ರೋಗ ಪೂರ್ತಿ ಒಣಗಿಸಿತ್ತು. ಟಿಪ್ಪಣಿಯನ್ನು ಎರಡು ಸಲ ಓದಿ, ‘ಅವರ ಹೊಲಕ್ಕೂ ನೆಟೆ ಬೀಳುತ್ತದೆಯೇ ಸರ್?’ ಎಂದು ಕೇಳಿದ. ಆಮೇಲೆ ಅವನು ವಾದಿಸಿದ ರೀತಿಗೆ, ಆಮದು ನಿಲ್ಲಿಸಿ ಎನ್ನುತ್ತಿದ್ದ ‘ಆಳಂದದ ರೈತ’ ಎರಡು ನಿಮಿಷ ಮಾತಿಲ್ಲದೆ ನಿಂತುಬಿಟ್ಟ. ಇಬ್ಬರಲ್ಲಿ ಯಾರನ್ನೂ ತಪ್ಪಿತಸ್ಥನನ್ನಾಗಿ ಮಾಡಲು ತರಗತಿಗೆ ಆಗಲಿಲ್ಲ.

ಸಮಾಜ ವಿಜ್ಞಾನ ಶಿಕ್ಷಕ, ಸೇಡಂ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಚೀಟಿ, ಹಾಜರಿ ಮತ್ತು ಮೂರನೆಯ ಟಿಪ್ಪಣಿ, ಈ ಮೂರನ್ನೂ ತೆಗೆದುಕೊಳ್ಳುತ್ತೇನೆ. ಮುಂದಿನ ಶನಿವಾರ ಮೊದಲು ತೊಗರಿ, ಪ್ಯಾಲೆಸ್ಟೈನ್ ಡಿಸೆಂಬರಿನ ನಂತರ. ಒಂದು ಸಂದೇಹ ಉಳಿದಿದೆ. ಹೈದರಾಬಾದಿನ ನಿಜಾಮ ಸರ್ಕಾರ 1948ರ ಆಗಸ್ಟ್‌ನಲ್ಲಿ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು, ಪ್ಯಾರಿಸ್‌ನಲ್ಲಿ ಅದು ಚರ್ಚೆಗೆ ಬಂದದ್ದು ಸೆಪ್ಟೆಂಬರ್ 16ರಂದು, ಮರುದಿನವೇ ಹೈದರಾಬಾದ್ ಶರಣಾಯಿತು. ನಾವು ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುವ ದಿನದ ಹಿಂದಿರುವ ಈ ಸಭೆಯನ್ನು ಆಡಿಸಬಹುದೇ?

ನಿವೃತ್ತ ಮುಖ್ಯ ಶಿಕ್ಷಕಿ, ಬೀದರ್

ಆಡಿಸಬೇಡಿ ಗುರುಗಳೇ, ಸದ್ಯಕ್ಕಂತೂ ಬೇಡ. ದೂರದ ಪಾತ್ರದ ಬಣ್ಣ ಒರೆಸಿದರೆ ಹೋಗುತ್ತದೆ. ರಜಾಕಾರರ ಹಾವಳಿಯನ್ನೂ ಅದರ ಬೆನ್ನಿಗೇ ನಡೆದ ಹಿಂಸೆಯನ್ನೂ ಕಂಡವರ ಮೊಮ್ಮಕ್ಕಳು ನಿಮ್ಮ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಮೊದಲು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಆಗ ಹುಡುಗರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ, ಹಾಗಾಗಿ ಆ ಕೆಲಸವನ್ನು ಮಾತ್ರ ಮುಂದೂಡಬೇಡಿ.

ಶಿಕ್ಷಕ, ಆಳಂದ ತಾಲ್ಲೂಕು, ಕಲಬುರಗಿ

ತೊಗರಿಯ ಐದು ಟಿಪ್ಪಣಿಗಳನ್ನು ನಾಳೆ ಸಂಜೆ ಇಲ್ಲಿಯೇ ಹಾಕುತ್ತೇನೆ ಸರ್. ದಾಲ್ ಮಿಲ್ ಮಾಲೀಕನದು ಸ್ವಲ್ಪ ಸಪ್ಪೆಯಾಗಿದೆ, ನಿಮ್ಮ ಕಡೆಯ ಮಿಲ್ಲಿನವರನ್ನು ವಿಚಾರಿಸಿ ತಿದ್ದಿಕೊಡಿ.